ನೀಲಿ ಗಾಡಿಯ ಹನ್ನೆರಡು ಸುತ್ತು

ಬಾಡಗಂಡಿ
16 ಡಿಸೆಂಬರ್ 2024

ಧರೆಪ್ಪ ಕಾಕಾ,

ನಮಸ್ಕಾರ. ನೀವು ತೇರದಾಳಕ್ಕೆ ಮಗಳು ಶಂಕ್ರೆವ್ವನ ಮನೆಗೆ ಹೋದ ಮೇಲೆ ಎರಡು ಸಲ ಫೋನ್ ಮಾಡಿದೆ. ಎರಡೂ ಸಲ ಯಾರು, ಯಾರು ಎಂದು ಕೇಳಿ ಇಟ್ಟುಬಿಟ್ಟಿರಿ. ನಲವತ್ತು ವರ್ಷ ಟೂ ಸ್ಟ್ರೋಕ್ ಎಂಜಿನ್ನುಗಳ ಪಕ್ಕ ಕೂತ ಕಿವಿ, ಅದನ್ನು ದೂರುವಂತಿಲ್ಲ. ಮೊಬೈಲಿನಲ್ಲಿ ಬರೆದು ಕಳಿಸಿದರೆ ನೀವು ತೆರೆದೇ ನೋಡುವುದಿಲ್ಲ ಎಂದು ನಿಮ್ಮ ಮಗ ಪಾಂಡಪ್ಪಣ್ಣನೇ ಹೇಳಿದ. ಹಾಗಾಗಿ ಅಂಚೆ.

ವಿಷಯ ಇಷ್ಟು. ಜಮಖಂಡಿಯ ಅಣ್ಣಾಸಾಹೇಬರು ಕಳೆದ ವಾರ ತಾವಾಗಿಯೇ ಕರೆ ಕಳಿಸಿದರು. 2019ರಲ್ಲಿ ತಮ್ಮ ರೇಸ್ ಕ್ಲಬ್ಬಿನ ಪಟ್ಟಿಯಿಂದ ನನ್ನ ಹೆಸರು ಹೊಡೆದು ಹಾಕಿದರಲ್ಲ, ಅದೇ ಅಣ್ಣಾಸಾಹೇಬರು. ಮಾರ್ಚ್ 2ಕ್ಕೆ ಜಮಖಂಡಿಯಲ್ಲಿ ಮಣ್ಣಿನ ಬೈಕ್ ರೇಸು ಇದೆ. ಮೊದಲ ಇಬ್ಬರಿಗೆ ಪುಣೆಯ ದೊಡ್ಡ ರೇಸಿನಲ್ಲಿ ಜಾಗ. ಅವರ ಶೆಡ್ಡಿನಲ್ಲಿ ಈಗ ಎರಡು ಟೂ ಸ್ಟ್ರೋಕ್ ಗಾಡಿಗಳಿವೆ, ಎರಡೂ ಇನ್ನೂರೈವತ್ತು ಸಿಸಿ. ಒಂದು ಜಪಾನಿನ ನೀಲಿ ಗಾಡಿ, ಹಳೆಯದು, ಯಾರೋ ಪೂರ್ತಿ ಬಿಚ್ಚಿ ಮತ್ತೆ ಕಟ್ಟಿದ್ದು. ಇನ್ನೊಂದು ಯುರೋಪಿನ ಕಿತ್ತಳೆ ಬಣ್ಣದ್ದು, ಹೊಸತು. ಎರಡರಲ್ಲಿ ಯಾವುದನ್ನು ರೇಸಿಗೆ ಇಳಿಸಬೇಕು ಎಂದು ನಾನು ಓಡಿಸಿ ಹೇಳಬೇಕಂತೆ. "ನೀ ಲ್ಯಾಬಿನಾಗ ಕೆಲಸಾ ಮಾಡಾಕಿ. ಅಳದು ಬರದು ಕೊಡಾಕ ನಿನಗ ಬರ್ತೈತಿ" ಅಂದರು. ಕಾರ್ಖಾನೆಯಲ್ಲಿ ಕಬ್ಬಿನ ರಸದ ಸಕ್ಕರೆ ಅಳೆಯುವವಳು ಗಾಡಿಯನ್ನೂ ಅಳೆಯಲಿ ಎಂದು. ಆರು ವರ್ಷದಿಂದ ಮುಧೋಳದವರ ಗಾಡಿಗಳನ್ನೆಲ್ಲ ಓಡಿಸಿ ಏನು ಸರಿಯಿಲ್ಲ ಎಂದು ಹೇಳುತ್ತಿರುವವಳು ನಾನೇ ಅಲ್ಲವೇ. ರೇಸಿಗೆ ಮಾತ್ರ ನನ್ನನ್ನು ಯಾರೂ ಕರೆದಿಲ್ಲ. ಓಡಿಸುವವನು ಅವರ ತಂಗಿಯ ಮಗ ಸೋಮಲಿಂಗ.

ನಿನ್ನೆ ಮುಧೋಳದ ಆಚೆ ಅವರ ಬೀಳು ಹೊಲದಲ್ಲಿರುವ ಟ್ರ್ಯಾಕಿನಲ್ಲಿ ಎರಡನ್ನೂ ಆರಾರು ಸುತ್ತು ಓಡಿಸಿದೆ. ಅವರ ಶೆಡ್ಡಿನ ಕೆಲಸದ ಮುತ್ತಪ್ಪ ಗಡಿಯಾರ ಹಿಡಿದಿದ್ದ. ಕಿತ್ತಳೆ ಗಾಡಿಯನ್ನು ಗುಂಡಿ ಒತ್ತಿ ಎಬ್ಬಿಸಬಹುದು. ಕ್ಲಚ್ಚು ಒಂದೇ ಬೆರಳಿಗೆ ಬರುತ್ತದೆ. ತಿರುವಿನಲ್ಲಿ ಎತ್ತ ನೋಡಿದರೆ ಅತ್ತ ಹೊರಳುತ್ತದೆ, ನೆಟ್ಟಗಾದ ಕೂಡಲೇ ಕೈ ಕಿತ್ತುಕೊಂಡು ಹೋಗುವ ಹಾಗೆ ನುಗ್ಗುತ್ತದೆ. ನೀಲಿಯದು ಒದ್ದು ಎಬ್ಬಿಸುವ ಗಾಡಿ, ಕಾರ್ಬುರೇಟರಿನದು. ಎಕ್ಸಲೇಟರ್ ಸ್ವಲ್ಪವೇ ತಿರುವಿದರೂ ಮೆಲ್ಲಗೆ ಎಳೆಯುತ್ತದೆ. ಗುಂಡಿ ದಿಣ್ಣೆಗಳ ಮೇಲೆ ಅದರ ಶಾಕಪ್ಪು ಮೆತ್ತಗಿದೆ. ಆದರೆ ತಿರುವಿನಲ್ಲಿ ಮುಂದಿನ ಚಕ್ರ ಹೊರಕ್ಕೆ ಜಾರುತ್ತದೆ. ಅಲ್ಲಿ ಎರಡನೇ ಗೇರಿಗೆ ಹಾಕಿದರೆ ಎಳೆಯುವುದಿಲ್ಲ, ಮೊದಲನೆಯದಕ್ಕೆ ಹಾಕಿದರೆ ಕಿರುಚುತ್ತದೆ. ಕಟ್ಟಿದವರ ಕೈ ಸೂಕ್ಷ್ಮದ್ದು, ಅನುಮಾನವಿಲ್ಲ. ಆದರೆ ಟ್ರ್ಯಾಕಿನಲ್ಲಿ ಓಡಿಸಿ ನೋಡಿದವರಲ್ಲ. ಮನೆಯೊಳಗೆ ಕೂತು ಪ್ರೀತಿಯಿಂದ ಕಟ್ಟಿದ ಗಾಡಿ ಅದು. ನನ್ನ ಮಟ್ಟಿಗೆ ಕಿತ್ತಳೆಯೇ ಗೆದ್ದಿತು.

ಹದಿನಾಲ್ಕನೇ ವಯಸ್ಸಿನಲ್ಲಿ ಬನಹಟ್ಟಿಯ ನಿಮ್ಮ ಗ್ಯಾರೇಜಿನಲ್ಲಿ ಗಾಡಿ ಕಲಿತವಳು ನಾನು. ನಿಮ್ಮನ್ನು ಕೇಳದೆ ಅಣ್ಣಾಸಾಹೇಬರಿಗೆ ಬರೆದು ಕೊಡುವುದಿಲ್ಲ. ಏನನ್ನಿಸುತ್ತದೆ ಹೇಳಿ.

ಅಕ್ಷತಾ


ತೇರದಾಳ
22 ಡಿಸೆಂಬರ್ 2024

ಚಿ. ಅಕ್ಷತಾಳಿಗೆ,

ಕಾಗದ ಮುಟ್ಟಿತು. ಎರಡು ಸಲ ಓದಿದೆ.

ರೇಸು ಎಷ್ಟು ಸುತ್ತು? ಹನ್ನೆರಡು. ನೀನು ಓಡಿಸಿದ್ದು ಎಷ್ಟು? ಆರು. ಆರು ಸುತ್ತಿಗೆ ಗಾಡಿ ಹೊಗಳಿ ಪತ್ರ ಬರೆಯುವುದನ್ನು ನಾನು ನಿನಗೆ ಕಲಿಸಿಲ್ಲ.

ಮುಂದಿನ ಚಕ್ರ ಜಾರಿತು ಎನ್ನುತ್ತೀ. ನೀನು ಎಲ್ಲಿ ಕೂತಿದ್ದೆ? ಹಿಂದೆ ಕೂತು ತಿರುಗಿಸಿದರೆ ಯಾವ ಗಾಡಿಯಾದರೂ ಜಾರುತ್ತದೆ. ಪೆಟ್ರೋಲ್ ಟಾಕಿಯ ಮೇಲೆ ಬರುವ ಹಾಗೆ ಮುಂದೆ ಕೂತು ನೋಡು. ಮುಂದಿನ ಚಕ್ರ ಹಿಡಿದ ಎರಡು ಫೋರ್ಕುಗಳನ್ನು ಅವುಗಳ ಕ್ಲಾಂಪಿನೊಳಗೆ ಐದು ಮಿಲಿಮೀಟರ್ ಮೇಲಕ್ಕೆ ಸರಿಸು, ಮೂತಿ ಇಳಿಯುತ್ತದೆ. ಹಿಂದಿನ ಚೈನಿನ ಸ್ಪ್ರಾಕೆಟ್ ತೆಗೆದು ಎರಡು ಹಲ್ಲು ಹೆಚ್ಚಿನದು ಹಾಕು, ಎರಡನೇ ಗೇರು ಎಳೆಯುತ್ತದೆ. ಇಷ್ಟು ಮಾಡಿ, ಪೂರ್ತಿ ಹನ್ನೆರಡು ಸುತ್ತು ಓಡಿಸಿ, ಆಮೇಲೆ ಕಟ್ಟಿದವನ ಕೈ ಬಗ್ಗೆ ಬರೆ.

ಇಲ್ಲಿ ಎಲ್ಲರೂ ಆರೋಗ್ಯ. ಶಂಕ್ರೆವ್ವ ನಿನ್ನನ್ನು ಕೇಳಿದಳು.

ಧರೆಪ್ಪ


ಬಾಡಗಂಡಿ
6 ಜನವರಿ 2025

ಧರೆಪ್ಪ ಕಾಕಾ,

ನಿಮ್ಮ ಕಾಗದ ಓದಿ ಎರಡು ದಿನ ಉರಿದುಕೊಂಡೆ. ಇಷ್ಟು ಬಿರುಸಾಗಿ ನೀವು ನನಗೆ ಯಾವತ್ತೂ ಬರೆದಿರಲಿಲ್ಲ. ಪಾಂಡಪ್ಪಣ್ಣ ಓಡಿಸಿ ಹೀಗೇ ಬರೆದಿದ್ದರೆ ಎಲ್ಲಿ ಕೂತಿದ್ದೆ ಎಂದು ಅವನನ್ನು ಕೇಳುತ್ತಿದ್ದಿರಾ? ಹುಡುಗಿ ಹೇಳಿದಳೆಂದರೆ ಮೊದಲು ಅವಳದೇ ತಪ್ಪಿರಬೇಕು ಎಂದು ಬೇರೆಯವರು ಅಂದುಕೊಳ್ಳುತ್ತಾರೆ. ನೀವೂ ಅಂದುಕೊಂಡಿರಿ.

ಆದರೂ ನೀವು ಹೇಳಿದ್ದನ್ನೆಲ್ಲ ಮಾಡಿದೆ. ನಿಮ್ಮ ಮಾತು ಸುಳ್ಳು ಎಂದು ತೋರಿಸಲಿಕ್ಕೇ ಮಾಡಿದೆ. ಫೋರ್ಕನ್ನು ನಾನೇ ಸರಿಸಿದೆ, ಸ್ಪ್ರಾಕೆಟ್ಟನ್ನು ನಾನೇ ಹಾಕಿದೆ. ಶೆಡ್ಡಿನಲ್ಲಿ ಮುತ್ತಪ್ಪ ಪಾನಾ ಕೊಡುತ್ತ ನಕ್ಕ.

ನಿನ್ನೆ ಭಾನುವಾರ ಬೆಳಿಗ್ಗೆ ನೀಲಿ, ಊಟದ ನಂತರ ಕಿತ್ತಳೆ, ಎರಡೂ ಹನ್ನೆರಡು ಸುತ್ತು. ಕಿತ್ತಳೆಯಲ್ಲಿ ಮೂರನೇ ಸುತ್ತು ಒಂದು ನಿಮಿಷ ಮೂವತ್ತೆಂಟು ಸೆಕೆಂಡು. ನಾನು ಓಡಿಸಿದ ಇಪ್ಪತ್ನಾಲ್ಕರಲ್ಲಿ ಅದಕ್ಕಿಂತ ಬೇಗ ಬಂದ ಸುತ್ತು ಇನ್ನೊಂದಿಲ್ಲ. ಆದರೆ ಎಂಟನೆಯ ಸುತ್ತಿಗೆ ನನ್ನ ಮುಂಗೈ ಕಟ್ಟಿಗೆಯಾಗಿತ್ತು. ಆ ಗಾಡಿ ತನ್ನ ಬಲವನ್ನೆಲ್ಲ ಒಂದೇ ಸಲ ಕೊಡುತ್ತದೆ. ಒಣಗಿದ ಎರಿಮಣ್ಣಿನ ಪುಡಿಯ ಮೇಲೆ ಹಿಂದಿನ ಚಕ್ರ ಸುತ್ತಿಕೊಂಡೇ ಇರುತ್ತದೆ, ಪ್ರತಿ ತಿರುವಿನಲ್ಲೂ ಅದರ ಜೊತೆ ಜಗಳ. ಕೊನೆಯ ಸುತ್ತು ಒಂದು ನಲವತ್ತೊಂಬತ್ತಕ್ಕೆ ಬಂತು. ನೀಲಿ ಮೊದಲ ಸುತ್ತಿನಿಂದ ಕೊನೆಯವರೆಗೂ ಒಂದು ನಲವತ್ತೊಂದು, ನಲವತ್ತೆರಡು, ಹೆಚ್ಚೆಂದರೆ ನಲವತ್ಮೂರು. ಮುಂದೆ ಕೂತೆ, ಮುಂದಿನ ಚಕ್ರ ಜಾರಲಿಲ್ಲ. ಎರಡನೇ ಗೇರಿನಲ್ಲೇ ತಿರುವು ದಾಟಿತು. ಹನ್ನೆರಡು ಸುತ್ತು ಕೂಡಿಸಿದರೆ ನೀಲಿ ಹದಿನಾರು ಸೆಕೆಂಡು ಮುಂದೆ.

ತೋಳಿನ ಬಲ ಕಡಿಮೆಯಿದ್ದುದರಿಂದ ನನಗೆ ಹಾಗಾಯಿತೇನೋ ಎಂದು ಸೋಮಲಿಂಗನಿಗೂ ಎರಡನ್ನೂ ಓಡಿಸಲು ಹೇಳಿದೆ. ಅವನದೂ ಅದೇ ಕತೆ. ಕಿತ್ತಳೆಯಲ್ಲಿ ನನಗಿಂತ ಒಂದು ಸೆಕೆಂಡು ಬೇಗ ಒಂದು ಸುತ್ತು, ಆಮೇಲೆ ಇಳಿಮುಖ. ಇಳಿದವನು ಎರಡೂ ಕೈ ಝಾಡಿಸುತ್ತ ಬಂದ.

ಆದ್ದರಿಂದ ಡಿಸೆಂಬರಿನಲ್ಲಿ ನಾನು ಬರೆದದ್ದು ತಪ್ಪು. ಒಪ್ಪಿಕೊಂಡೆ. ಕಟ್ಟಿದವರ ಬಗ್ಗೆ ಬರೆದದ್ದೂ ತಪ್ಪು. ಅವರು ಯಾರು ಎಂದು ಗೊತ್ತಾದರೆ ಅವರಿಗೂ ಹೇಳುತ್ತೇನೆ. ಆದರೆ ನನ್ನನ್ನು ನೀವು ಕೇಳಿದ ರೀತಿಯನ್ನು ಒಪ್ಪಿಕೊಂಡಿಲ್ಲ.

ಅಕ್ಷತಾ


ತೇರದಾಳ
14 ಜನವರಿ 2025

ಚಿ. ಅಕ್ಷತಾ,

ಇವತ್ತು ಸಂಕ್ರಾಂತಿ. ಎಳ್ಳು ಬೆಲ್ಲದ ಜೊತೆಗೆ ನಿನ್ನ ಕಾಗದವೂ ಸಿಕ್ಕಿತು. ಸುತ್ತು ಸುತ್ತಿನ ಲೆಕ್ಕವನ್ನು ಬೆರಳಿಟ್ಟು ಓದಿದೆ. ನಲವತ್ತೊಂದು, ನಲವತ್ತೆರಡು, ನಲವತ್ತೆರಡು. ಹೀಗೆ ಓಡಿಸುವವರನ್ನು ನಾನು ಕಂಡದ್ದು ಕಡಿಮೆ. ಪಾಂಡಪ್ಪನಿಗೂ ಇದು ಬರುತ್ತಿರಲಿಲ್ಲ. ಅವನದು ಎರಡು ಸುತ್ತು ಬೆಂಕಿ, ಮೂರನೆಯದು ಹೊಗೆ.

ನೀನು ಹುಡುಗಿ ಎಂದು ನಾನು ಹಾಗೆ ಕೇಳಲಿಲ್ಲ. ಬೇರೆ ಕಾರಣವಿತ್ತು. ಸಿಟ್ಟು ಬಂದಿತ್ತು, ಅಷ್ಟೆ. ಬಿಡು.

ಅಣ್ಣಾಸಾಹೇಬರಿಗೆ ಇದ್ದದ್ದನ್ನು ಇದ್ದಂತೆ ಬರೆದು ಕೊಡು.

ಧರೆಪ್ಪ


ಬಾಡಗಂಡಿ
3 ಫೆಬ್ರವರಿ 2025

ಧರೆಪ್ಪ ಕಾಕಾ,

ಇದ್ದದ್ದನ್ನು ಇದ್ದಂತೆ ಬರೆದು ಕೊಟ್ಟೆ. ಕೇಳಿ, ಏನಾಯಿತು.

ನಿನ್ನೆ ಟ್ರ್ಯಾಕಿನ ಶೆಡ್ಡಿನಲ್ಲಿ ಅಣ್ಣಾಸಾಹೇಬರು ನನ್ನ ಹಾಳೆ ತಿರುವಿ ಹಾಕಿದರು. ಕಿತ್ತಳೆಯ ಮೂರನೇ ಸುತ್ತಿನ ಹತ್ತಿರ ಬೆರಳಿಟ್ಟು, ಇದೇ ಸಾಕಲ್ಲ ಅಂದರು. ಕೆಳಗಿನ ಒಂಬತ್ತು ಸಾಲು ಓದಿರಿ ಅಂದೆ. ಓದಲಿಲ್ಲ. ಹೊಸ ಗಾಡಿ ಶೆಡ್ಡಿನಲ್ಲಿಟ್ಟು ಹಳೆಯದನ್ನು ರೇಸಿಗೆ ಒಯ್ದರೆ ಜಮಖಂಡಿಯಲ್ಲಿ ಜನ ಏನಂದಾರು ಎಂಬುದು ಅವರ ಚಿಂತೆ. ಸೋಮಲಿಂಗ ಕಿತ್ತಳೆಯಲ್ಲಿ ಹೋಗುವುದು ಎಂದು ತೀರ್ಮಾನವಾಯಿತು. ಮೊದಲೇ ತೀರ್ಮಾನವಾಗಿದ್ದರೆ ಏಳು ವಾರ ನನ್ನನ್ನು ಕುಣಿಸಿದ್ದು ಯಾಕೆ?

ನನ್ನ ಕೈಗವಸು ಇನ್ನೂ ಕೈಯಲ್ಲೇ ಇತ್ತು. "ಹಂಗಾದ್ರ ನೀಲಿ ಗಾಡಿ ನನಗ ಕೊಡ್ರಿ, ನಾ ಇಳೀತೇನಿ ರೇಸಿಗೆ" ಅಂದೆ.

ಸೋಮಲಿಂಗ ಶೂ ಬಿಚ್ಚುತ್ತಿದ್ದವನು ಹಾಗೇ ಕೂತ. ಅಣ್ಣಾಸಾಹೇಬರು ನನ್ನ ಮುಖ ನೋಡದೆ, "ನಿನ್ನ ಕರಸಿದ್ದು ಗಾಡಿ ನೋಡಾಕ. ಮತ್ತ ಆ ಗಾಡಿ ಕೊಡೂದು ನನ್ನ ಕೈಯಾಗ ಇಲ್ಲ" ಅಂದರು.

ಮತ್ತೆ ಯಾರ ಕೈಯಲ್ಲಿದೆ ಎಂದು ಕೇಳಿದೆ. ಹಾಳೆಯನ್ನು ಮಡಿಸಿ ಮೇಜಿನ ಮೇಲಿಟ್ಟರು. ಆರು ವರ್ಷದ ಹಿಂದಿನದನ್ನೂ ಅಲ್ಲೇ ತೆಗೆದೆ. ನಾನು ಜಮಖಂಡಿಯ ಕಾಲೇಜಿನಲ್ಲಿದ್ದಾಗ ಆಯ್ಕೆಯ ಓಟದಲ್ಲಿ ಎರಡನೆಯವಳಾಗಿ ಬಂದಿದ್ದೆ. ಪಟ್ಟಿ ಅಂಟಿಸಿದಾಗ ಎರಡನೇ ಹೆಸರಿನ ಮೇಲೆ ಗೀಟು ಎಳೆದಿತ್ತು. ಅದನ್ನು ಯಾಕೆ ಹೊಡೆದಿರಿ ಎಂದು ಆವತ್ತು ಕೇಳಲು ಬಾಯಿ ಬಂದಿರಲಿಲ್ಲ, ನಿನ್ನೆ ಕೇಳಿದೆ. "ಆವತ್ತೂ ನನ್ನ ಕೈಯಾಗ ಇರಲಿಲ್ಲವ್ವಾ" ಅಂದರು. ಇಷ್ಟು ದೊಡ್ಡ ಮನುಷ್ಯ, ಶೆಡ್ಡು ಅವರದು, ಟ್ರ್ಯಾಕು ಅವರದು, ಕ್ಲಬ್ಬು ಅವರದು, ಯಾವುದೂ ಅವರ ಕೈಯಲ್ಲಿಲ್ಲವಂತೆ. ಇಂಥ ಹೇಡಿ ಮಾತನ್ನು ನಾನು ಕೇಳಿಲ್ಲ.

ನನ್ನ ಹಾಳೆಯನ್ನು ವಾಪಸು ತೆಗೆದುಕೊಂಡು ಬಂದೆ. ರೇಸಿನ ಅರ್ಜಿಯನ್ನು ಇವತ್ತು ನಾನೇ ತುಂಬಿ ಕಳಿಸಿದ್ದೇನೆ, ಯಾವ ಕ್ಲಬ್ಬಿನ ಹೆಸರೂ ಇಲ್ಲದೆ. ಗಾಡಿ ಎಂಬ ಜಾಗವನ್ನು ಖಾಲಿ ಬಿಟ್ಟೆ. ಮಾರ್ಚ್ 2ರ ಒಳಗೆ ಅದನ್ನು ತುಂಬುತ್ತೇನೆ. ಎಲ್ಲಿಂದ ಎಂದು ಕೇಳಬೇಡಿ, ನನಗೂ ಗೊತ್ತಿಲ್ಲ.

ಅಕ್ಷತಾ


ತೇರದಾಳ
8 ಫೆಬ್ರವರಿ 2025

ಅಕ್ಷತಾ,

ಇದನ್ನು ಬರೆಯಲು ಕೂತು ಮೂರು ದಿನವಾಯಿತು.

ನೀಲಿ ಗಾಡಿ ನನ್ನದು. ಪಾಂಡಪ್ಪ ರೇಸಿನಲ್ಲಿ ಬಿದ್ದ ಗಾಡಿಯೇ ಅದು. ಅವನ ತೊಡೆಯ ಎಲುಬು ಮುರಿದ ಮೇಲೆ ಯಾರೂ ಮುಟ್ಟಿರಲಿಲ್ಲ. ಅವನು ಕೋರ್ಟಿನಲ್ಲಿ ಗುಮಾಸ್ತನಾಗಿ ಕೂತ. ನಾನು ಅದನ್ನು ಬಿಚ್ಚಿ, ಗುರುತು ಸಿಗದ ಹಾಗೆ ಬಣ್ಣ ಬದಲಿಸಿ, ಮೂರು ವರ್ಷ ಒಂದೊಂದೇ ಸಾಮಾನು ಹೊಂದಿಸಿ ಕಟ್ಟಿದೆ. ಕಿವಿ ಕೇಳುವುದಿಲ್ಲ, ಎಂಜಿನ್ನಿನ ಮೇಲೆ ಅಂಗೈ ಇಟ್ಟು ಅದರ ನಡುಕ ನೋಡಿಯೇ ಕಟ್ಟಿದೆ. ಓಡಿಸಿ ನೋಡಲು ನನ್ನಲ್ಲಿ ಯಾರಿದ್ದರು? ಅಣ್ಣಾಸಾಹೇಬರು ಹೊಸ ಗಾಡಿ ತರಿಸಿದ್ದಾರೆಂದು ತಿಳಿದಾಗ ಅದರ ಜೊತೆ ಇದನ್ನೂ ಹಚ್ಚಿ ನೋಡಿರಿ, ಅಕ್ಷತಾಳಿಂದ ಓಡಿಸಿರಿ, ಯಾರದೆಂದು ಹೇಳಬೇಡಿರಿ ಎಂದು ನಾನೇ ಕೇಳಿಕೊಂಡೆ. ನೀನು ದಾಕ್ಷಿಣ್ಯಕ್ಕೆ ಹೊಗಳಬಾರದು ಎಂದು. ನೀನು ಬೈದೆ. ನನಗೆ ತಡೆಯಲಾಗಲಿಲ್ಲ. ಡಿಸೆಂಬರಿನ ಕಾಗದದ ಸಿಟ್ಟು ಅದು.

ಇನ್ನೊಂದಿದೆ. ಇದನ್ನು ಬರೆಯದೆ ಇದ್ದರೆ ನಿನ್ನ ಕಣ್ಣಲ್ಲಿ ಅಣ್ಣಾಸಾಹೇಬರು ಹೇಡಿಯಾಗಿ ಉಳಿಯುತ್ತಾರೆ, ಅದು ಸರಿಯಲ್ಲ. 2019ರಲ್ಲಿ ನಿನ್ನ ಹೆಸರನ್ನು ತೆಗೆಸಿದವನು ನಾನು. ಪಾಂಡಪ್ಪ ಬಿದ್ದು ಮೂರು ತಿಂಗಳಾಗಿತ್ತು. ಅವನನ್ನು ಹಾಸಿಗೆಯಲ್ಲಿ ಹೊರಳಿಸುವವನು ನಾನೇ. ನಿನ್ನ ಹೆಸರು ಪಟ್ಟಿಯಲ್ಲಿ ಬಂದಿದೆ ಎಂದು ತಿಳಿದ ದಿನ ಬಸ್ಸು ಹತ್ತಿ ಜಮಖಂಡಿಗೆ ಹೋದೆ. "ಸಾವಕ್ಕಗ ಆಕಿ ಒಬ್ಬಾಕೀನ ಮಗಳು. ಆಕೀಗೆ ಗಾಡಿ ಕೊಡಬ್ಯಾಡ್ರಿ" ಎಂದು ಅವರ ಕಾಲು ಹಿಡಿಯುವುದೊಂದು ಬಾಕಿ. ಅವರು ಒಪ್ಪಲಿಲ್ಲ, ಹುಡುಗಿ ಚಲೋ ಓಡಿಸುತ್ತಾಳೆ ಅಂದರು. ನಾನು ಬಿಡಲಿಲ್ಲ. ಆಮೇಲೆ ಗೀಟು ಎಳೆದರು. ನನ್ನ ಹೆಸರು ಹೇಳಬಾರದೆಂದು ಮಾತು ತೆಗೆದುಕೊಂಡೆ. ಇಷ್ಟು ವರ್ಷ ನಿನ್ನ ಬೈಗುಳವನ್ನೆಲ್ಲ ಅವರು ಸುಮ್ಮನೆ ತಿಂದರು.

ನಿನ್ನ ತಾಯಿಗೂ ಇದು ಗೊತ್ತಿಲ್ಲ. ನಿನ್ನನ್ನು ಕೇಳದೆ ನಿನ್ನ ಬದುಕಿನ ಆರು ವರ್ಷ ತೆಗೆದೆ. ಅವನು ಬಿದ್ದದ್ದನ್ನು ನೋಡಿದ ಕಣ್ಣು ನಿನ್ನನ್ನು ನೋಡುತ್ತಿತ್ತು, ಅದು ಕಾರಣ. ಕಾರಣವಿದ್ದರೆ ತಪ್ಪು ಸಣ್ಣದಾಗುವುದಿಲ್ಲ ಎಂಬುದು ನನಗೆ ಗೊತ್ತು.

ಗಾಡಿಯ ಕಾಗದ ನನ್ನ ಹೆಸರಿನಲ್ಲಿದೆ. ಬೇಕಾದರೆ ಅದು ನಿನ್ನದು.

ಧರೆಪ್ಪ


ಬಾಡಗಂಡಿ
24 ಫೆಬ್ರವರಿ 2025

ಧರೆಪ್ಪನವರಿಗೆ,

ನಿಮ್ಮ ಕಾಗದ ಬಂದು ಎರಡು ವಾರವಾಯಿತು. ಉತ್ತರ ಬರೆಯಬಾರದೆಂದೇ ಇದ್ದೆ. ರೇಸಿಗೆ ಆರು ದಿನ ಉಳಿದಿವೆ ಎಂದು ಬರೆಯುತ್ತಿದ್ದೇನೆ, ಬೇರೆ ಯಾವ ಕಾರಣಕ್ಕೂ ಅಲ್ಲ.

ಅಣ್ಣಾಸಾಹೇಬರ ಹತ್ತಿರ ಹೋಗಿ, ಹೇಡಿ ಎಂದು ತಿಳಿದಿದ್ದಕ್ಕೆ ತಪ್ಪಾಯಿತು ಎಂದು ಹೇಳಿದೆ. ನಿಮ್ಮ ಮಾತು ಕೇಳಿ ಗೀಟು ಎಳೆದ ಕೈ ಅವರದೇ, ಅದನ್ನು ಮರೆತಿಲ್ಲ ಎಂದೂ ಹೇಳಿದೆ. ಅವರು ತಲೆಯಾಡಿಸಿದರು.

ನೀಲಿ ಗಾಡಿ ನನಗೆ ಬೇಕು. ಅದು ಚಲೋ ಗಾಡಿ, ನಾನು ಅದನ್ನು ಚಲೋ ಓಡಿಸುತ್ತೇನೆ, ಅದಕ್ಕೆ ಬೇಕು. ನಿಮ್ಮ ಪಶ್ಚಾತ್ತಾಪ ಎಂದು ಕೊಡುವುದಾದರೆ ಬೇಡ. ನನ್ನದು ಎಂದೂ ಕೊಡಬೇಡಿ. ರೇಸು ಮುಗಿದ ಮೇಲೆ ಅದು ನಿಮ್ಮ ಮನೆಗೆ ಬರುತ್ತದೆ. ನೀವು ಮೈದಾನಕ್ಕೆ ಬರಕೂಡದು. ಬಂದು ಬೇಲಿಯ ಹತ್ತಿರ ನಿಂತು ಮೆಲ್ಲಗೆ ಎಂದು ಕೈ ಮಾಡಕೂಡದು. ನಾನು ಬಿದ್ದರೆ ನಾನು ಬೀಳುತ್ತೇನೆ, ಏಳುವವಳೂ ನಾನೇ. ಅವ್ವನಿಗೆ ಹೇಳುವುದಿದ್ದರೂ ನಾನೇ ಹೇಳುತ್ತೇನೆ.

ಕ್ಷಮಿಸಿದ್ದೇನೆ ಎಂದು ಈ ಕಾಗದಕ್ಕೆ ಅರ್ಥವಿಲ್ಲ.

ಅಕ್ಷತಾ


ತೇರದಾಳ
26 ಫೆಬ್ರವರಿ 2025

ಅಕ್ಷತಾ,

ಅಂಚೆಗೆ ತಡವಾಗುತ್ತದೆಂದು ಈ ಕಾಗದವನ್ನು ಬಸ್ಸಿನಲ್ಲಿ ಕಳಿಸಿದ್ದೇನೆ. ನೀನು ಹೇಳಿದ್ದೆಲ್ಲ ಆಗಲಿ. ನಾನು ಬರುವುದಿಲ್ಲ. ಮುಧೋಳದ ಶೆಡ್ಡಿನಿಂದ ಗಾಡಿಯನ್ನು ಪಾಂಡಪ್ಪ ತಂದು ಕೊಡುತ್ತಾನೆ. ನಾನು ಹೇಳಿದ್ದಲ್ಲ, ವಿಷಯ ತಿಳಿದು ಅವನೇ ಎದ್ದ. ಆರು ವರ್ಷದಲ್ಲಿ ಆ ಗಾಡಿಯ ಹೆಸರೆತ್ತಿದವನಲ್ಲ ಅವನು. ನನ್ನ ಮೇಲೆ ಅವನಿಗೂ ಸಿಟ್ಟಿದೆ. ನಾ ಬಿದ್ದದ್ದಕ್ಕ ಆಕೀಗೆ ಯಾಕ ಶಿಕ್ಷಾ ಕೊಟ್ಟಿ ಎಂದು ನನ್ನ ಮುಂದೆ ಹಾಳೆಯ ಮೇಲೆ ದೊಡ್ಡದಾಗಿ ಬರೆದು ತೋರಿಸಿದ.

ಬಿಸಿ ಎಂಜಿನ್ನು ನಿಂತರೆ ಎಕ್ಸಲೇಟರ್ ಮುಟ್ಟದೆ ಒದೆಯಬೇಕು.

ಧರೆಪ್ಪ


ಬಾಡಗಂಡಿ
4 ಮಾರ್ಚ್ 2025

ಕಾಕಾ,

ನೀವು ಮಾತು ಉಳಿಸಿಕೊಂಡಿರಿ. ಬೇಲಿಯ ಉದ್ದಕ್ಕೂ ನಾಲ್ಕು ಸಲ ಹುಡುಕಿದೆ, ನೀವಿರಲಿಲ್ಲ.

ಎರಡು ಓಟ, ಒಂದೊಂದೂ ಹನ್ನೆರಡು ಸುತ್ತು, ಎರಡರ ಅಂಕ ಕೂಡಿಸುವುದು. ಹದಿನೆಂಟು ಗಾಡಿ. ಮೊದಲ ಓಟದ ಮೊದಲ ತಿರುವಿನಲ್ಲೇ ಒಬ್ಬ ನನ್ನ ಮುಂದೆ ಅಡ್ಡಬಿದ್ದ. ನಾನು ಅವನ ಮೇಲೆ ಬಿದ್ದೆ, ಗಾಡಿ ನಿಂತಿತು. ಗಾಬರಿಯಲ್ಲಿ ಎಕ್ಸಲೇಟರ್ ತಿರುವುತ್ತಲೇ ಮೂರು ಸಲ ಒದ್ದೆ, ಏಳಲಿಲ್ಲ. ನಾಲ್ಕನೆಯ ಸಲ ಕೈ ತೆಗೆದು ಒದ್ದೆ, ಎದ್ದಿತು. ಕಿತ್ತಳೆಯವರಿಗೆ ಗುಂಡಿ ಒತ್ತಿದರೆ ಸಾಕಲ್ಲ ಎಂದು ಆ ಕ್ಷಣ ಹೊಟ್ಟೆ ಉರಿಯಿತು ನೋಡಿ. ಎಲ್ಲರಿಗಿಂತ ಹಿಂದಿನಿಂದ ಶುರು ಮಾಡಿದೆ. ಏಳನೇ ಸುತ್ತಿನಿಂದ ಒಬ್ಬೊಬ್ಬರೇ ದಣಿದು ನನ್ನ ಕಡೆಗೆ ಬರತೊಡಗಿದರು. ನಾನು ಬೇಗ ಹೋಗಲಿಲ್ಲ, ಮೊದಲಿನಷ್ಟೇ ಹೋದೆ. ನಾಲ್ಕನೆಯವಳಾಗಿ ಬಂದೆ. ಕೊಲ್ಹಾಪುರದವನು ಮೊದಲು, ಸೋಮಲಿಂಗ ಎರಡು.

ಎರಡನೇ ಓಟದಲ್ಲಿ ಬೀಳಲಿಲ್ಲ. ಐದನೇ ಸುತ್ತಿನವರೆಗೆ ಸೋಮಲಿಂಗ ಎಲ್ಲರಿಗಿಂತ ಮುಂದೆ, ಆಮೇಲೆ ಕೊಲ್ಹಾಪುರದವನು ಅವನನ್ನು ದಾಟಿದ. ನೇರ ದಾರಿಯಲ್ಲಿ ಅವನ ಕಿತ್ತಳೆಯ ಹತ್ತಿರ ನಾನು ಸುಳಿಯಲೂ ಆಗುತ್ತಿರಲಿಲ್ಲ, ಅದು ಅಷ್ಟು ಬಲದ ಗಾಡಿ. ಆದರೆ ಪ್ರತಿ ತಿರುವಿನಿಂದ ಏಳುವಾಗ ಅವನ ಹಿಂದಿನ ಚಕ್ರ ಮಣ್ಣು ಎರಚುತ್ತಿತ್ತು, ನನ್ನದು ಕಚ್ಚಿಕೊಂಡು ಹೋಗುತ್ತಿತ್ತು. ಒಂಬತ್ತನೇ ಸುತ್ತಿನಲ್ಲಿ, ಮೂರು ದಿಣ್ಣೆ ದಾಟಿದ ಮೇಲಿನ ಎಡ ತಿರುವಿನಲ್ಲಿ, ಅವನ ಒಳಗಡೆಯಿಂದ ದಾಟಿದೆ. ಹತ್ತನೆಯದರಲ್ಲಿ ಕೊಲ್ಹಾಪುರದವನನ್ನು. ಆಮೇಲೆ ಮುಂದೆ ಯಾರೂ ಇರಲಿಲ್ಲ, ಬರೀ ಟ್ರ್ಯಾಕು. ಆರು ವರ್ಷದ ಮೇಲೆ ಅಂಥ ಖಾಲಿ ಟ್ರ್ಯಾಕು ನೋಡಿದಾಗ ಏನನ್ನಿಸಿತು ಎಂದು ನಿಮಗೆ ಬರೆದು ಹೇಳಲಾರೆ. ಹೇಳಬೇಕಾಗಿಯೂ ಇಲ್ಲ.

ಓಟ ಗೆದ್ದೆ, ಕೊಲ್ಹಾಪುರದವನು ಎರಡು, ಸೋಮಲಿಂಗ ಮೂರು. ಒಟ್ಟು ಅಂಕದಲ್ಲಿ ಕೊಲ್ಹಾಪುರದವನು ಮೊದಲು. ನಾನು ನಲವತ್ಮೂರು, ಸೋಮಲಿಂಗ ನಲವತ್ತೆರಡು. ಪುಣೆಯ ಜಾಗ ನನ್ನದು.

ಅಣ್ಣಾಸಾಹೇಬರು ಬಂದು, ಪುಣೆಗೆ ಕಿತ್ತಳೆ ಗಾಡಿ ತೆಗೆದುಕೊಂಡು ಹೋಗು, ನಮ್ಮ ಕ್ಲಬ್ಬಿನ ಹೆಸರಿನಲ್ಲಿ ಇಳಿ ಅಂದರು. ನಾನು ಒಲ್ಲೆ ಅಂದೆ. ಆಗ ಮಾತ್ರ ಸುತ್ತಿನ ಲೆಕ್ಕದ ಆ ಹಾಳೆಯನ್ನು ಕೇಳಿ ಇಸಿದುಕೊಂಡು, ಕೆಳಗಿನ ಒಂಬತ್ತು ಸಾಲನ್ನೂ ಓದಿದರು. ಪಾಂಡಪ್ಪಣ್ಣ ಗಾಡಿಯ ಪಕ್ಕದಲ್ಲೇ ನಿಂತಿದ್ದ. ಸೀಟು ಒರೆಸುತ್ತಾ, ಪುಣೆಗೆ ಯಾವಾಗ ಹೊರಡಬೇಕು ಎಂದಷ್ಟೇ ಕೇಳಿದ. ಹಾಗಾಗಿ ಗಾಡಿ ಈಗಲೇ ನಿಮ್ಮ ಮನೆಗೆ ಬರುವುದಿಲ್ಲ. ಈ ಒಂದು ಮಾತನ್ನು ನಾನು ತಪ್ಪುತ್ತಿದ್ದೇನೆ. ನೀವು ಬೇಡ ಎಂದರೆ ಕಳಿಸುತ್ತೇನೆ, ಆದರೆ ಬೇಡ ಎಂದು ನನಗೇ ಬರೆಯಬೇಕು, ಇನ್ನೊಬ್ಬರಿಗೆ ಹೇಳಿಸಕೂಡದು.

ಕೊನೆಗೆ ಪ್ರಮಾಣಪತ್ರ ಕೊಟ್ಟರು. ತೆರೆದು ನೋಡಿದರೆ ದ್ವಿತೀಯ ಸ್ಥಾನ, ಶ್ರೀ ಅಕ್ಷಯ. ಮೇಜಿನ ಹಿಂದೆ ಕೂತಿದ್ದವರಿಗೆ ತೋರಿಸಿದೆ. ಪಟ್ಟಿಯಲ್ಲಿ ಹಾಗೇ ಇದೆ, ಅಕ್ಷತಾ ಎಂದರೆ ತಪ್ಪು ಬಿದ್ದಿರಬೇಕೆಂದು ಯಾರೋ ತಿದ್ದಿದ್ದಾರೆ, ಒಂದು ಅಕ್ಷರ ತಾನೆ, ಪುಣೆಗೆ ಹೋಗುವಾಗ ನೋಡೋಣ ಅಂದರು. ಈಗಲೇ ಬರೆಯಿರಿ ಅಂದೆ. ಖಾಲಿ ಪತ್ರ ಉಳಿದಿಲ್ಲ ಅಂದರು. ಇದರಲ್ಲೇ ಹೊಡೆದು ಬರೆಯಿರಿ ಅಂದೆ. ಚಿತ್ತಾದರೆ ಚಂದ ಕಾಣುವುದಿಲ್ಲವಂತೆ. ಶಾಮಿಯಾನ ಬಿಚ್ಚತೊಡಗಿದರು, ಕುರ್ಚಿ ಎತ್ತತೊಡಗಿದರು. ನಾನು ಮೇಜಿನ ಮುಂದೆ ಹೆಲ್ಮೆಟ್ ಇಟ್ಟು ನಿಂತೆ. ಸೋಮಲಿಂಗ ಎಲ್ಲಿದ್ದನೋ, ಬಂದು ನನ್ನ ಪಕ್ಕದಲ್ಲಿ ನಿಂತ. "ಈಕಿ ನನ್ನ ದಾಟಿ ಹ್ವಾದಾಕಿ. ಹೆಸರು ಸರಿ ಬರದು ಕೊಡ್ರಿ" ಅಂದ.

ಯ ಹೊಡೆದು ತಾ ಬರೆದರು. ಶ್ರೀ ಹೊಡೆದು ಕುಮಾರಿ ಬರೆದರು. ಪಟ್ಟಿಯಲ್ಲೂ ತಿದ್ದಿಸಿದೆ. ಎರಡೂ ಕಡೆ ಸಹಿ ಹಾಕಿಸಿಕೊಂಡೆ. ಮನೆಗೆ ಬಂದ ಮೇಲೆ ಅವ್ವ ನೋಡಿ, ಹೊಸದು ಕೇಳಿ ತರಬಾರದಿತ್ತೇ, ಎಷ್ಟು ಗೀಚಿದ್ದಾರೆ ಅಂದಳು. ಇರಲಿ ಅಂದೆ. ಆ ಗೀಟು ನಾನು ಎಳೆಸಿದ್ದು.

ಅಕ್ಷತಾ